ಮೀನಿಗೂ ಉಂಟು ಲಸಿಕೆ

ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಅಂಗಡಿಗಳಲ್ಲಿ ಗಾಜಿನ ಬಾಗಿಲಿನ ಹಿಂದೆ ಕಿತ್ತಳೆ ಬಣ್ಣದ ಸಾಲ್ಮನ್ ತುಂಡುಗಳು ತಣ್ಣಗೆ ಮಲಗಿರುತ್ತವೆ. ನಾರ್ವೆಯಿಂದ ವಿಮಾನ ಹತ್ತಿ ಬಂದ ಮೀನು. ಹೊಸೂರು ರಸ್ತೆಯಲ್ಲಿ ಇನ್ನೊಂದಿಷ್ಟು ಮುಂದೆ ಹೋದರೆ ಹೆಬ್ಬಗೋಡಿ. ಇಲ್ಲಿಯ ಮೀನಂಗಡಿಗಳ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಐಸಿನ ಪುಡಿಯ ಮೇಲೆ, ಆಂಧ್ರದ ಕೊಳಗಳಿಂದಲೋ ನಮ್ಮದೇ ಕೆರೆಗಳಿಂದಲೋ ಬಂದ ಕಟ್ಲಾ, ರೋಹು. ಎರಡೂ ಸಾಕಿದ ಮೀನುಗಳೇ, ಎರಡಕ್ಕೂ ಬ್ಯಾಕ್ಟೀರಿಯಾ ರೋಗಗಳ ಕಾಟ ಇದ್ದದ್ದೇ. ವ್ಯತ್ಯಾಸ ಇಷ್ಟು: ಆ ಸಾಲ್ಮನ್ ಅಂಗೈಯಷ್ಟು ಉದ್ದದ ಮರಿಯಾಗಿದ್ದಾಗಲೇ ಹೊಟ್ಟೆಗೆ ಚುಚ್ಚುಮದ್ದು ಹಾಕಿಸಿಕೊಂಡಿದೆ, ಈ ಕಟ್ಲಾ ಹಾಕಿಸಿಕೊಂಡಿಲ್ಲ.

ಕಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನಿಗೆ ಲಸಿಕೆ ಕೊಡುವ ದಾರಿಯನ್ನು ಕಂಡುಕೊಂಡವರಲ್ಲಿ ಕರ್ನಾಟಕದವರೇ ಮುಂದಿದ್ದಾರೆ. ಮಂಗಳೂರಿನ ಪ್ರಯೋಗಾಲಯದಲ್ಲಿ ಸಿದ್ಧವಾದ ಆ ದಾರಿ ಕೆರೆಯವರೆಗೆ ಇನ್ನೂ ಬಂದಿಲ್ಲ. ಬರಬೇಕು, ಬರುವುದು ಸಾಧ್ಯವಿದೆ ಎಂಬುದೇ ಈ ಲೇಖನದ ನಿಲುವು.

ಹೆಬ್ಬಗೋಡಿಯ ಮೀನಿನ ನಂಟು

ಹೆಬ್ಬಗೋಡಿ ಎಂದರೆ ಹಲವರಿಗೆ ನೆನಪಾಗುವುದು ಬಯೋಕಾನ್. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೆಟ್ರೊ ಹಳದಿ ಮಾರ್ಗದಲ್ಲಿ ನಿಲ್ದಾಣದ ಹೆಸರೂ ಬಯೋಕಾನ್ ಹೆಬ್ಬಗೋಡಿ ಎಂದೇ. 1978ರಲ್ಲಿ ಕಿರಣ್ ಮಜುಂದಾರ್ ಷಾ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಈ ಕಂಪನಿ ಶುರುಮಾಡಿದಾಗ ಅಲ್ಲಿ ಇನ್ಸುಲಿನ್ ಇರಲಿಲ್ಲ, ಕ್ಯಾನ್ಸರ್ ಔಷಧ ಇರಲಿಲ್ಲ. ಮೊದಲ ಸರಕು ಎರಡೇ. ಒಂದು, ಪರಂಗಿ ಕಾಯಿಯ ಹಾಲಿನಿಂದ ತೆಗೆದ ಪಪೇನ್ ಕಿಣ್ವ. ಇನ್ನೊಂದು, ಮೀನಿನ ಗಾಳಿಚೀಲದಿಂದ ತೆಗೆದ ಐಸಿನ್‌ಗ್ಲಾಸ್. ಬಿಯರ್ ತಿಳಿಯಾಗಿಸಲು ಹೊರದೇಶದ ಮದ್ಯ ತಯಾರಕರು ಅದನ್ನು ಕೊಳ್ಳುತ್ತಿದ್ದರು. ಹೆಬ್ಬಗೋಡಿಯನ್ನು ಜಗತ್ತಿನ ನಕ್ಷೆಗೆ ತಂದ ಉದ್ಯಮ ಮೀನಿನ ಹೊಟ್ಟೆಯೊಳಗಿನ ಒಂದು ಚೀಲದಿಂದ ಆರಂಭವಾಯಿತು ಎಂಬುದು ಈ ಊರಿನ ಬಹಳ ಜನರಿಗೇ ಗೊತ್ತಿಲ್ಲ.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಬ್ಯಾಕ್ಟೀರಿಯಾ ಲಸಿಕೆ ತಯಾರಿಕೆಯ ಮೂಲ ಕಸುಬು ಹುದುಗಿಸುವಿಕೆ. ಉಕ್ಕಿನ ತೊಟ್ಟಿಯಲ್ಲಿ ಬೆಚ್ಚನೆಯ ಸಾರು, ಅದರಲ್ಲಿ ಶುದ್ಧ ತಳಿಯ ಸೂಕ್ಷ್ಮಜೀವಿ, ಬೇಕಾದಷ್ಟು ಗಾಳಿ, ಹದ ತಪ್ಪದ ಉಷ್ಣತೆ. ಬೆಳೆದದ್ದನ್ನು ಸೋಸಿ, ಫಾರ್ಮಲಿನ್ ಹಾಕಿಯೋ ಬಿಸಿಮಾಡಿಯೋ ಕೊಂದರೆ ಲಸಿಕೆಯ ಮುಖ್ಯ ಭಾಗ ಸಿದ್ಧ. ಹೆಬ್ಬಗೋಡಿ, ಬೊಮ್ಮಸಂದ್ರದ ಸುತ್ತಮುತ್ತ ಪಾಳಿಯ ಮೇಲೆ ದುಡಿಯುವ ಎಷ್ಟೋ ಮಂದಿಗೆ ಈ ಕಸುಬು ಕೈಹಿಡಿದ ವಿದ್ಯೆ. ದನದ ಲಸಿಕೆಯಲ್ಲೂ ಬೆಂಗಳೂರಿಗೆ ಹಳೆಯ ಅನುಭವವಿದೆ: ದೊಡ್ಡರೋಗವನ್ನು ತಡೆಯಲೆಂದು 1925ರಲ್ಲಿ ಮೈಸೂರು ಸಂಸ್ಥಾನ ತೆರೆದ ಸೀರಮ್ ಸಂಸ್ಥೆಯೇ ಇಂದು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಾಗಿದೆ. ದನಕ್ಕಾಯಿತು, ಕುರಿಗಾಯಿತು, ಕೋಳಿಗಾಯಿತು. ಮೀನಿನ ಸರದಿ ಮಾತ್ರ ಬಾಕಿ.

ಮೀನಿಗೆ ಬರುವ ಬ್ಯಾಕ್ಟೀರಿಯಾ ರೋಗಗಳು

ಸಾಲ್ಮನ್ ಮತ್ತು ಟ್ರೌಟ್ ತಣ್ಣೀರಿನ ಮೀನುಗಳು. ನಮ್ಮ ಪಕ್ಕದ ನೀಲಗಿರಿಯ ಅವಲಾಂಚಿಯಲ್ಲಿ ಬ್ರಿಟಿಷರ ಕಾಲದಿಂದ ಟ್ರೌಟ್ ಮರಿ ಮಾಡಿಸುತ್ತಿದ್ದಾರೆ, ಹಿಮಾಚಲದ ಪತ್ಲಿಕುಹಲ್‌ನಲ್ಲಿ ನಾರ್ವೆಯ ನೆರವಿನಿಂದ ಸಾಕಣೆ ಬೆಳೆಯಿತು. ಬೆಂಗಳೂರಿನ ಕೆರೆನೀರು ಅವುಗಳಿಗೆ ತೀರ ಬೆಚ್ಚಗಾಯಿತು. (ಮೀನಂಗಡಿಯಲ್ಲಿ ಇಂಡಿಯನ್ ಸಾಲ್ಮನ್ ಎಂದು ಮಾರುವ ರಾವಸ್ ನಮ್ಮ ಕಡಲಿನ ಬೇರೆಯದೇ ಮೀನು, ಸಾಲ್ಮನ್ ಕುಲಕ್ಕೆ ಸೇರಿದ್ದಲ್ಲ.)

ಟ್ರೌಟ್ ಸಾಕುವವರನ್ನು ಹೆಚ್ಚು ಕಾಡಿದ್ದು ಯೆರ್ಸಿನಿಯಾ ರಕೆರಿ. ಇದು ತಗುಲಿದರೆ ಮೀನಿನ ಬಾಯಿಯ ಸುತ್ತ ರಕ್ತ ಹೆಪ್ಪುಗಟ್ಟಿ ಕೆಂಪಾಗುತ್ತದೆ, ಅದಕ್ಕೇ ಕೆಂಬಾಯಿ ರೋಗ ಎನ್ನಬಹುದು. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಪ್ಲೇಗಿನ ಬ್ಯಾಕ್ಟೀರಿಯಾಕ್ಕೆ ಇದು ದಾಯಾದಿ. ಸಾಲ್ಮನ್‌ಗೆ ಏರೋಮೊನಾಸ್ ಸಾಲ್ಮೊನಿಸಿಡಾದಿಂದ ಬರುವ ಕುರು ರೋಗ, ವಿಬ್ರಿಯೊ ಬಳಗದಿಂದ ಬರುವ ರಕ್ತಸ್ರಾವದ ರೋಗಗಳು ಮುಖ್ಯ.

ನಮ್ಮ ಗೆಂಡೆಗಳ ಶತ್ರು ಇದೇ ಏರೋಮೊನಾಸ್ ಬಳಗದ ಇನ್ನೊಂದು ಸದಸ್ಯ, ಏರೋಮೊನಾಸ್ ಹೈಡ್ರೋಫಿಲಾ. ರೋಗ ಹಿಡಿದ ರೋಹುವನ್ನು ಕೈಗೆತ್ತಿಕೊಂಡು ನೋಡಿ. ರೆಕ್ಕೆಯ ಬುಡದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ಹೊಟ್ಟೆ ಉಬ್ಬಿದೆ, ಒತ್ತಿದರೆ ಒಳಗೆ ನೀರು ಕದಲುತ್ತದೆ. ಹುರುಪೆಗಳು ಮೈಗೆ ಅಂಟಿಕೊಂಡಿರುವ ಬದಲು ದೇವದಾರು ಕಾಯಿಯ ಸಿಪ್ಪೆಯಂತೆ ನಿಗುರಿ ನಿಂತಿವೆ. ಕಣ್ಣು ಗೂಡಿನಿಂದ ಹೊರಗೆ ಬಂದಿದೆ. ಕಿವಿರು ಎತ್ತಿದರೆ ಇಟ್ಟಿಗೆ ಕೆಂಪಿನ ಬದಲು ಬಿಳಿಚಿದ ಗುಲಾಬಿ. ಕೆಲವು ದಿನಗಳಲ್ಲಿ ಮೈಮೇಲೆ ಹುಣ್ಣು ಬಾಯಿಬಿಡುತ್ತದೆ.

ಈ ಬ್ಯಾಕ್ಟೀರಿಯಾ ಹೊರಗಿನಿಂದ ನುಗ್ಗುವ ಕಳ್ಳನಲ್ಲ. ಎಲ್ಲ ಕೆರೆ, ಕುಂಟೆ, ಕೃಷಿಹೊಂಡಗಳಲ್ಲೂ ಅದು ಇದ್ದೇ ಇರುತ್ತದೆ. ನೀರು ಕೆಟ್ಟಾಗ, ಮೀನು ಕಿಕ್ಕಿರಿದಾಗ, ಬಲೆಗೆ ಸಿಕ್ಕು ಮೈ ತರಚಿದಾಗ ಮೇಲೆರಗುತ್ತದೆ. ಕಿವಿರು ಕೊಳೆಯಿಸುವ ಫ್ಲೇವೊಬ್ಯಾಕ್ಟೀರಿಯಂ, ಎಡ್ವರ್ಡ್ಸಿಯೆಲ್ಲಾ, ತಿಲಾಪಿಯಾವನ್ನು ಸುಳಿ ಸುತ್ತಿಸಿ ಕೊಲ್ಲುವ ಸ್ಟ್ರೆಪ್ಟೊಕಾಕಸ್ ಕೂಡ ಇಲ್ಲಿ ಪರಿಚಿತವೇ.

ಲಸಿಕೆಯನ್ನು ಮೀನಿನ ಮೈ ಹೇಗೆ ನೆನಪಿಟ್ಟುಕೊಳ್ಳುತ್ತದೆ

ಮನುಷ್ಯನಿಗಿರುವಂತೆ ಮೀನಿಗೆ ರಕ್ತಕಣ ಹುಟ್ಟಿಸುವ ಎಲುಬಿನ ಮಜ್ಜೆ ಇಲ್ಲ, ದುಗ್ಧಗ್ರಂಥಿಗಳೂ ಇಲ್ಲ. ಆ ಕೆಲಸವನ್ನು ಮೂತ್ರಪಿಂಡದ ಮುಂಭಾಗ, ಗುಲ್ಮ ಮತ್ತು ಥೈಮಸ್ ಹಂಚಿಕೊಂಡಿವೆ. ಸತ್ತ ಬ್ಯಾಕ್ಟೀರಿಯಾ ಅಲ್ಲಿಗೆ ತಲುಪಿದರೆ ಮೈ ಅದರ ಗುರುತು ಹಿಡಿದು ಪ್ರತಿಕಾಯ ತಯಾರಿಸುತ್ತದೆ. ಮುಂದೆ ಜೀವಂತ ಬ್ಯಾಕ್ಟೀರಿಯಾ ಬಂದಾಗ ಎದುರಿಸಲು ತಯಾರಾಗಿರುತ್ತದೆ. ಚರ್ಮ, ಕಿವಿರು, ಕರುಳಿನ ಲೋಳೆಯಲ್ಲೂ ಬೇರೆ ಬಗೆಯ ಪ್ರತಿಕಾಯಗಳಿವೆ. ಮೀನು ಕೈಯಿಂದ ಜಾರುವಂತೆ ಮಾಡುವ ಆ ಲೋಳೆ ಅದರ ಮೊದಲ ಕೋಟೆ.

ಮೀನು ತಣ್ಣನೆಯ ರಕ್ತದ ಪ್ರಾಣಿಯಾದ್ದರಿಂದ ಇದೆಲ್ಲವೂ ನೀರಿನ ಉಷ್ಣತೆಗೆ ಕಟ್ಟುಬಿದ್ದಿದೆ. ಸಾಲ್ಮನ್ ಸಾಕುವವರ ಲೆಕ್ಕ ಡಿಗ್ರಿ-ದಿನದ್ದು: ನೀರಿನ ಉಷ್ಣತೆಯನ್ನು ದಿನಗಳಿಂದ ಗುಣಿಸಿದರೆ ಸುಮಾರು 500 ಬರಬೇಕು, ಆಗ ಲಸಿಕೆ ಹಿಡಿದಿದೆ ಎಂದರ್ಥ. 10 ಡಿಗ್ರಿ ನೀರಿನಲ್ಲಿ 50 ದಿನ ಕಾಯಬೇಕು. ಇದೇ ಲೆಕ್ಕ ನಮ್ಮ 25 ಡಿಗ್ರಿ ನೀರಿಗೆ ಹೊಂದುವುದಾದರೆ 20 ದಿನ ಸಾಕು. ಜಾತಿಯಿಂದ ಜಾತಿಗೆ ಲೆಕ್ಕ ಬದಲಾಗುತ್ತದೆ ನಿಜ, ಆದರೂ ಬಿಸಿಲು ನಾಡಿನ ಮೀನಿಗೆ ಈ ಒಂದು ಅನುಕೂಲ ಪ್ರಕೃತಿಯೇ ಕೊಟ್ಟದ್ದು.

ಕೊಡುವ ಮೂರು ದಾರಿಗಳು

ಅದ್ದುವುದು ಮೊದಲನೆಯದು. ಲಸಿಕೆಯ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಕೆಲವು ಗ್ರಾಂ ತೂಗುವ ಮರಿಗಳನ್ನು ಬಲೆಯಲ್ಲಿ ಎತ್ತಿ ಅರ್ಧ ನಿಮಿಷದಿಂದ ಒಂದು ನಿಮಿಷ ಮುಳುಗಿಸಿ ತೆಗೆಯುತ್ತಾರೆ. ಕಿವಿರು, ಚರ್ಮದ ಮೂಲಕ ಲಸಿಕೆ ಒಳಸೇರುತ್ತದೆ. 1976ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಟ್ರೌಟಿನ ಕೆಂಬಾಯಿ ರೋಗದ ಲಸಿಕೆ ಹರಡಿದ್ದು ಬಹುಪಾಲು ಹೀಗೆಯೇ. ಸಾವಿರಾರು ಮರಿಗಳಿಗೆ ಒಮ್ಮೆಗೇ ಕೊಡಬಹುದು, ಆದರೆ ರಕ್ಷಣೆ ಬಹುಕಾಲ ಉಳಿಯುವುದಿಲ್ಲ.

ಚುಚ್ಚುವುದು ಎರಡನೆಯದು. ಮರಿಗಳನ್ನು ಒಂದೆರಡು ದಿನ ಉಪವಾಸ ಕೆಡವಿ, ಮತ್ತಿನ ನೀರಿನಲ್ಲಿ ಬಿಡುತ್ತಾರೆ. ಮರಿ ಮಗುಚಿಕೊಂಡು ಬಿಳಿ ಹೊಟ್ಟೆ ಮೇಲಾದಾಗ ಮೇಜಿನ ಮೇಲೆ ಜಾರಿಸುತ್ತಾರೆ. ಕೆಲಸಗಾರನ ಎಡಗೈ ಮೀನನ್ನು ಹಿಡಿಯುತ್ತದೆ, ಬಲಗೈಯ ಪಿಸ್ತೂಲಿನಂಥ ಸಿರಿಂಜು ಹೊಟ್ಟೆಯ ನಡುಗೆರೆಯಲ್ಲಿ, ಹೊಟ್ಟೆರೆಕ್ಕೆಗಿಂತ ತುಸು ಮುಂದೆ, ಒಮ್ಮೆ ಒತ್ತುತ್ತದೆ. ಒಳಹೋಗುವುದು ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗ, ಈಚೆಗೆ ಅದರ ಅರ್ಧ. ಅದರಲ್ಲಿ ಎಣ್ಣೆ ಬೆರೆತಿರುತ್ತದೆ. ಎಣ್ಣೆ ನಿಧಾನವಾಗಿ ಕರಗುವುದರಿಂದ ರಕ್ಷಣೆ ಬಹುಕಾಲ ಬಾಳುತ್ತದೆ. ಒಂದೇ ಚುಚ್ಚಿನಲ್ಲಿ ಐದಾರು ರೋಗಗಳ ಲಸಿಕೆ ಕೊಡಬಹುದು. ಸೂಜಿ ತುಸು ಆಳಕ್ಕಿಳಿದರೆ ಕರುಳಿಗೆ ತಾಗುತ್ತದೆ, ಎಣ್ಣೆಯ ದೆಸೆಯಿಂದ ಕೆಲವೊಮ್ಮೆ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಈಗ ಯಂತ್ರಗಳೂ ಬಂದಿವೆ.

ಮೂರನೆಯದು ಉಣಿಸುವುದು, ಅಂದರೆ ಮೇವಿನ ಜೊತೆ. ಮೀನನ್ನು ಹಿಡಿಯಬೇಕಿಲ್ಲ, ಗಾಬರಿಪಡಿಸಬೇಕಿಲ್ಲ. ಮೀನಿನ ಲಸಿಕೆಯ ಇತಿಹಾಸದ ಆರಂಭದ ಹೆಜ್ಜೆಗಳಲ್ಲಿ ಒಂದು ಈ ದಾರಿಯದೇ: 1942ರಲ್ಲಿ ಕೆನಡಾದ ಡಿ. ಸಿ. ಬಿ. ಡಫ್ ಕ್ಲೋರೋಫಾರ್ಮಿನಿಂದ ಕೊಂದ ಕುರು ರೋಗದ ಬ್ಯಾಕ್ಟೀರಿಯಾವನ್ನು ಟ್ರೌಟ್‌ಗಳಿಗೆ ಮೇವಿನಲ್ಲಿ ತಿನ್ನಿಸಿ, ರೋಗದಿಂದ ಕಾಪಾಡಬಹುದು ಎಂದು ತೋರಿಸಿದ್ದರು. ಅಷ್ಟರಲ್ಲಿ ಸಲ್ಫಾ ಔಷಧಗಳು, ಆ್ಯಂಟಿಬಯಾಟಿಕ್‌ಗಳು ಬಂದವು, ಲಸಿಕೆಯ ವಿಚಾರ ಬಹುಕಾಲ ಮೂಲೆ ಸೇರಿತು. ಉಣಿಸುವ ದಾರಿಗೆ ಒಂದು ದೊಡ್ಡ ತೊಡಕೂ ಇತ್ತು. ತಿಂದದ್ದನ್ನು ಜೀರ್ಣಿಸುವುದು ಹೊಟ್ಟೆಯ ಧರ್ಮ. ಲಸಿಕೆಯೂ ಅಲ್ಲಿ ಅನ್ನವಾಗಿಬಿಡುತ್ತದೆ.

ನಾರ್ವೆಯಲ್ಲಿ ಏನಾಯಿತು

1987ರಲ್ಲಿ ನಾರ್ವೆಯ ಮೀನು ಸಾಕಣೆ ಸುಮಾರು 48 ಟನ್ ಆ್ಯಂಟಿಬಯಾಟಿಕ್ ಬಳಸಿತು. ಆಗ ಅಲ್ಲಿ ಬೆಳೆಯುತ್ತಿದ್ದ ಮೀನು ಐವತ್ತು ಸಾವಿರ ಟನ್ನಿನ ಆಸುಪಾಸು. ಟನ್ ಮೀನಿಗೆ ಹೆಚ್ಚುಕಡಿಮೆ ಒಂದು ಕಿಲೋ ಔಷಧ! ತಣ್ಣೀರಿನ ವಿಬ್ರಿಯೊ ರೋಗ, ಅದರ ಬೆನ್ನಿಗೆ ಸ್ಕಾಟ್ಲೆಂಡಿನ ಮರಿಗಳೊಂದಿಗೆ ಬಂದ ಕುರು ರೋಗ, ಎರಡೂ ಪಂಜರಗಳನ್ನು ಬರಿದುಮಾಡುತ್ತಿದ್ದವು. ಆಮೇಲೆ ವಿಬ್ರಿಯೊ ಲಸಿಕೆ ಬಂತು, 1990ರ ದಶಕದ ಆರಂಭದಲ್ಲಿ ಎಣ್ಣೆ ಬೆರೆಸಿದ ಲಸಿಕೆ ಬಂತು. ದಶಕ ಮುಗಿಯುವಷ್ಟರಲ್ಲಿ ಔಷಧ ಬಳಕೆ ನೆಲಕಚ್ಚಿತು. ಇಂದು ಅಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಸಾಲ್ಮನ್ ಬೆಳೆಯುತ್ತದೆ, ಆ್ಯಂಟಿಬಯಾಟಿಕ್ ಬಳಕೆ ಒಂದು ಟನ್ ಕೂಡ ಮುಟ್ಟುವುದಿಲ್ಲ.

ಚಿಲಿಯ ಕಥೆ ಹಾಗಲ್ಲ. ಅಲ್ಲಿಯ ಮುಖ್ಯ ರೋಗಕಾರಕ ಪಿಸಿರಿಕೆಟ್ಸಿಯಾ ಮೀನಿನ ಜೀವಕೋಶದ ಒಳಗೇ ಅವಿತು ಕೂರುತ್ತದೆ, ಪ್ರತಿಕಾಯದ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಲಸಿಕೆ ಹಾಕಿಯೂ ಅಲ್ಲಿ ವರ್ಷಕ್ಕೆ ನೂರಾರು ಟನ್ ಆ್ಯಂಟಿಬಯಾಟಿಕ್ ಸುರಿಯಬೇಕಾಗಿದೆ. ಎಲ್ಲ ಬ್ಯಾಕ್ಟೀರಿಯಾಕ್ಕೂ ಲಸಿಕೆ ಒಂದೇ ಹದದಲ್ಲಿ ನಾಟುವುದಿಲ್ಲ.

ಮಂಗಳೂರಿನವರು ಕಂಡುಕೊಂಡದ್ದು

ಭಾರತದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ಆಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗ, ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿಯ ಸೂಕ್ಷ್ಮಜೀವಿ ವಿಜ್ಞಾನಿಗಳಾದ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಏರೋಮೊನಾಸ್ ಲಸಿಕೆಗೆ ನಮ್ಮ ದೊಡ್ಡ ಗೆಂಡೆಗಳು ಹೇಗೆ ಸ್ಪಂದಿಸುತ್ತವೆ ಎಂಬುದರ ಬಗ್ಗೆ 1991ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಕಟ್ಲಾ, ರೋಹು, ಮೃಗಾಲ್‌ಗಳ ಮೈ ಲಸಿಕೆಯನ್ನು ಗುರುತಿಸುತ್ತದೆ ಎಂಬುದು ಖಚಿತವಾಗಿತ್ತು. ಅದನ್ನು ಕೊಡುವುದು ಹೇಗೆ ಎಂಬ ಪ್ರಶ್ನೆಯ ಬೆನ್ನುಹತ್ತಿದವರು ಅದೇ ಕಾಲೇಜಿನ ಕೆ. ಎಂ. ಶಂಕರ್, ಸಿ. ವಿ. ಮೋಹನ್ ಮತ್ತು ಅವರ ಸಂಗಡಿಗರು.

ಅವರಿಗೆ ಹೊಳೆದದ್ದು ಬಯೋಫಿಲ್ಮ್. ಹಳೆಯ ಕಲ್ಯಾಣಿಯ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ಜಾರುವ ಪದರ, ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಗೆಗೆ ತಾಗುವ ಜಿಗುಟು, ಇವೆಲ್ಲ ಬಯೋಫಿಲ್ಮ್‌ಗಳೇ. ನೀರಿನಲ್ಲಿ ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾ ಆಸರೆ ಸಿಕ್ಕಲ್ಲಿ ಅಂಟಿಕೊಂಡು, ಸಕ್ಕರೆ ಅಂಶದ ಅಂಟನ್ನು ಸ್ರವಿಸಿ ಅದರೊಳಗೆ ಗುಂಪಾಗಿ ಸೇರಿಕೊಳ್ಳುತ್ತದೆ. ಔಷಧ, ಕಿಣ್ವ, ಆಮ್ಲ ಯಾವುದೂ ಆ ಗುಂಪಿಗೆ ಸುಲಭವಾಗಿ ತಾಗುವುದಿಲ್ಲ. ವೈದ್ಯರಿಗೆ, ಮೀನು ಸಂಸ್ಕರಣಾ ಘಟಕಗಳಿಗೆ ಇದೊಂದು ಪೀಡೆ. ಮಂಗಳೂರಿನವರು ಆ ಪೀಡೆಯ ಗುಣವನ್ನೇ ಉಪಯೋಗಕ್ಕೆ ತಂದರು: ಕಿಣ್ವಕ್ಕೆ ಬಗ್ಗದ ಕವಚ ಬ್ಯಾಕ್ಟೀರಿಯಾಕ್ಕಿದ್ದರೆ, ಮೀನಿನ ಜೀರ್ಣರಸವನ್ನೂ ಅದು ದಾಟಲಾರದೇ?

ಅಂಟಿಕೊಳ್ಳುವ ಆಸರೆಯಾಗಿ ಆರಿಸಿದ್ದು ಕೈಟಿನ್ ಚೂರುಗಳನ್ನು. ಸೀಗಡಿ, ಏಡಿಯ ಸಿಪ್ಪೆಯಲ್ಲಿರುವ ವಸ್ತು ಅದು. ಸೀಗಡಿ ಸುಲಿಯುವ ಶೆಡ್‌ಗಳಿರುವ ಕರಾವಳಿಯಲ್ಲಿ ಅದಕ್ಕೇನು ಬರ? ತೆಳು ಸಾರಿನಲ್ಲಿ ಕೈಟಿನ್ ಚೂರುಗಳ ಮೇಲೆ ಏರೋಮೊನಾಸ್ ಹೈಡ್ರೋಫಿಲಾವನ್ನು ಬೆಳೆಸಿದರು. ಸಾರು ತೆಳುವಾಗಿರಬೇಕೆಂಬುದೂ ಮುಖ್ಯ: ಉಣಿಸು ಕಡಿಮೆಯಾದಾಗ ಬ್ಯಾಕ್ಟೀರಿಯಾ ತೇಲಾಡುವುದನ್ನು ಬಿಟ್ಟು ಆಸರೆ ಹುಡುಕುತ್ತದೆ. ಪದರ ಕಟ್ಟಿದ ಮೇಲೆ ಬಿಸಿಯಿಂದ ಕೊಂದು, ಮೇವಿಗೆ ಬೆರೆಸಿ ಮೀನಿಗೆ ಹಾಕಿದರು. ಎಷ್ಟು ಪ್ರಮಾಣ, ಎಷ್ಟು ದಿನ ಎಂಬುದನ್ನು ಗೊತ್ತುಮಾಡಿದ ಅವರ ಪ್ರಬಂಧ 1999ರಲ್ಲಿ ಬಂತು, ಮೊದಲ ಲೇಖಕ ಐ. ಎಸ್. ಆಜಾದ್. ಬಿಡಿ ಬ್ಯಾಕ್ಟೀರಿಯಾ ತಿಂದ ಗೆಂಡೆಗಳಿಗಿಂತ ಬಯೋಫಿಲ್ಮ್ ತಿಂದ ಗೆಂಡೆಗಳಲ್ಲಿ ಪ್ರತಿಕಾಯ ಹೆಚ್ಚಿತ್ತು. ಬಳಿಕ ಜೀವಂತ ರೋಗಾಣು ಕೊಟ್ಟು ಪರೀಕ್ಷಿಸಿದಾಗ ಬದುಕುಳಿದದ್ದೂ ಅವೇ ಹೆಚ್ಚು.

ಮರುವರ್ಷದ ಕೆಲಸ ನನಗೆ ಇನ್ನೂ ಮೆಚ್ಚಿಗೆ. ತಿಂದ ಲಸಿಕೆ ಮೀನಿನೊಳಗೆ ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಅವರು ಆ ಬ್ಯಾಕ್ಟೀರಿಯಾವನ್ನು ಮಾತ್ರ ಗುರುತಿಸುವ ಏಕತದ್ರೂಪಿ ಪ್ರತಿಕಾಯವನ್ನು ಬಳಸಿದರು. ಮೀನಿನ ಕರುಳು, ಗುಲ್ಮ, ಮೂತ್ರಪಿಂಡಗಳನ್ನು ತೆಳುವಾಗಿ ಕತ್ತರಿಸಿ ಹುಡುಕಿದರು. ಬಯೋಫಿಲ್ಮ್‌ನ ಅಂಶ ಕರುಳನ್ನು ದಾಟಿ ಗುಲ್ಮ, ಮೂತ್ರಪಿಂಡಗಳಲ್ಲಿ ಹೆಚ್ಚಾಗಿ ಸಿಕ್ಕಿತು, ಹೆಚ್ಚು ದಿನ ಉಳಿದಿತ್ತು. ಎಲ್ಲಿಗೆ ತಲುಪಬೇಕಿತ್ತೋ ಅಲ್ಲಿಗೇ ತಲುಪಿತ್ತು.

ಆಕ್ಷೇಪವೊಂದು ಉಳಿದಿತ್ತು. ಗೆಂಡೆ ಜಾತಿಯ ಮೀನಿಗೆ ಜಠರವೇ ಇಲ್ಲ. ಬಾಯಿಯಿಂದ ಇಳಿದದ್ದು ನೇರ ಕರುಳಿಗೆ ಹೋಗುತ್ತದೆ, ಆಮ್ಲದ ಕಾಟವಿಲ್ಲ. ಜಠರ ಇರುವ, ಮಾಂಸ ತಿನ್ನುವ ಮೀನಿನಲ್ಲೂ ಈ ಲಸಿಕೆ ಉಳಿದೀತೇ? 2004ರಲ್ಲಿ ಮಾಗುರ್ ಮೀನಿನ ಮೇಲೆ, 2014ರಲ್ಲಿ ಕೊರವ ಎಂದೂ ಕರೆಯುವ ಮುರ್ರೆಲ್ ಮೇಲೆ ಇದೇ ತಂಡದವರು ಪ್ರಯೋಗ ಮಾಡಿ, ಅಲ್ಲಿಯೂ ಬಯೋಫಿಲ್ಮ್ ಬಿಡಿ ಬ್ಯಾಕ್ಟೀರಿಯಾಕ್ಕಿಂತ ಮೇಲು ಎಂದು ತೋರಿಸಿದರು.

ಹಾಗಾದರೆ ಕೆರೆಗೆ ಏಕೆ ಬರಲಿಲ್ಲ

ಮೊದಲ ಅಡ್ಡಿ ರೋಗಾಣುವಿನದ್ದೇ. ಏರೋಮೊನಾಸ್ ಹೈಡ್ರೋಫಿಲಾ ಒಂದು ಹೆಸರಾದರೂ ತಳಿಗಳು ಹಲವು. ಒಂದು ತಳಿಯಿಂದ ಮಾಡಿದ ಲಸಿಕೆ ಇನ್ನೊಂದು ಜಿಲ್ಲೆಯ ತಳಿಯನ್ನು ತಡೆಯುತ್ತದೆಂಬ ಭರವಸೆ ಇಲ್ಲ.

ಎರಡನೆಯದು ಹಣ. ಸಾಲ್ಮನ್ ಮರಿ ದುಬಾರಿ, ಬೆಳೆದ ಮೀನು ಇನ್ನೂ ದುಬಾರಿ. ಸೂಜಿಯ ಖರ್ಚು ಅದರಲ್ಲಿ ಕರಗಿಹೋಗುತ್ತದೆ. ಬೆರಳುದ್ದದ ಕಟ್ಲಾ ಮರಿಯ ಬೆಲೆ ಅದನ್ನು ಹಿಡಿದು ಚುಚ್ಚುವ ಕೈಯ ಕೂಲಿಗೂ ಸಾಲದು. ಹಾಗಾಗಿ ನಮ್ಮ ಮೀನಿಗೆ ಉಣಿಸುವ ಲಸಿಕೆಯೊಂದೇ ಗತಿ. ಅಗ್ಗದ ಕೈಟಿನ್ ಮೇಲೆ ಬೆಳೆಯುವ ಮಂಗಳೂರಿನ ಲಸಿಕೆ ಈ ಲೆಕ್ಕಕ್ಕೆ ಹೊಂದುವಂಥದ್ದು.

ಮೂರನೆಯದು ತಯಾರಕರ ಕೊರತೆ, ಅದೀಗ ಸಡಿಲವಾಗುತ್ತಿದೆ. ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ 2022ರಲ್ಲಿ ಮುಂಬೈಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯೊಂದಿಗೆ ಸೇರಿ ಫ್ಲೇವೊಬ್ಯಾಕ್ಟೀರಿಯಂನಿಂದ ಬರುವ ಕಾಲಮ್ನಾರಿಸ್ ಮತ್ತು ಎಡ್ವರ್ಡ್ಸಿಯೆಲ್ಲಾ ರೋಗಗಳ ಲಸಿಕೆಗೆ ಕೈಹಾಕಿತು. ಏರೋಮೊನಾಸ್ ರಕ್ತಸ್ರಾವ ರೋಗದ ಲಸಿಕೆಗಾಗಿ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯೊಂದಿಗೂ ಕೈಜೋಡಿಸಿದೆ. ಆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ನಮ್ಮ ಹೆಸರಘಟ್ಟ ಕೆರೆಯ ಬದಿಯಲ್ಲೇ ಇದೆ. ಹುದುಗುತೊಟ್ಟಿಗಳೂ ಅದನ್ನು ಬಲ್ಲ ಕೈಗಳೂ ಇರುವ ಹೆಬ್ಬಗೋಡಿ, ಬೊಮ್ಮಸಂದ್ರದ ಪಟ್ಟಿಯ ಉದ್ಯಮಿಗಳು ಈ ಕಡೆ ಕಣ್ಣು ಹಾಯಿಸಬೇಕು.

ಲಸಿಕೆಯಿಂದ ಆಗದ ಕೆಲಸ

2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ದಡದಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಬೇಸಗೆಯ ನೀರಿಗೆ ಕೊಳಚೆ ಸೇರಿ ಆಮ್ಲಜನಕ ಇಳಿದರೆ ಯಾವ ಲಸಿಕೆಯೂ ಮೀನನ್ನು ಉಳಿಸಲಾರದು. ಕಳೆದ ದಶಕದಲ್ಲಿ ಸುಮಾರು 35 ಎಕರೆಯ ಹೆಬ್ಬಗೋಡಿ ಕೆರೆಗೆ ಕಿಣ್ವ, ಸೂಕ್ಷ್ಮಜೀವಿಗಳನ್ನು ಬಿಟ್ಟು, ತೇಲುವ ಗಿಡದ ತೆಪ್ಪಗಳನ್ನು ಇಟ್ಟು ನೀರು ತಿಳಿಯಾಗಿಸುವ ಕೆಲಸ ನಡೆಯಿತು. ಮೀನಿನ ಆರೋಗ್ಯದ ಮೊದಲ ಹೆಜ್ಜೆ ಅಂಥದ್ದು. ರೋಗ ಬಂದ ಮೇಲೆ ಕೊಟ್ಟ ಲಸಿಕೆಯೂ ವ್ಯರ್ಥ. ವೈರಸ್ಸಿಗೆ, ಹುಳಕ್ಕೆ, ಬೂಷ್ಟಿಗೆ ಬ್ಯಾಕ್ಟೀರಿಯಾ ಲಸಿಕೆ ನಾಟುವುದಿಲ್ಲ.

ಮೀನು ಸಾಕುವವರಿಗೆ

ಆನೇಕಲ್, ಸರ್ಜಾಪುರ, ಹೊಸಕೋಟೆಯ ಕಡೆ ಕೆರೆ ಗುತ್ತಿಗೆ ಹಿಡಿದವರು, ಕೃಷಿಹೊಂಡದಲ್ಲಿ ಮರಿ ಬಿಟ್ಟವರು ಲಸಿಕೆ ಬರುವವರೆಗೆ ಮಾಡಬಹುದಾದ ಕೆಲಸವಿದೆ. ಮೀನಿನ ಮೈಮೇಲೆ ಕೆಂಪು ಚುಕ್ಕೆಯೋ ಹುಣ್ಣೋ ಕಂಡರೆ ಅಂಗಡಿಯಿಂದ ಆ್ಯಂಟಿಬಯಾಟಿಕ್ ಪುಡಿ ತಂದು ನೀರಿಗೆ ಸುರಿಯಬೇಡಿ. ಅದರಿಂದ ಸಾಯುವುದು ದುರ್ಬಲ ಬ್ಯಾಕ್ಟೀರಿಯಾ, ಗಟ್ಟಿಯಾದದ್ದು ಉಳಿದು ನಾಳೆ ನಿಮ್ಮ ಮನೆಯ ಮಗುವಿನ ಜ್ವರಕ್ಕೂ ಔಷಧ ನಾಟದಂತೆ ಮಾಡೀತು. ಕಾಯಿಲೆ ಬಿದ್ದು ಇನ್ನೂ ಉಸಿರಾಡುತ್ತಿರುವ ಎರಡು ಮೂರು ಮೀನನ್ನು ಅದೇ ಕೆರೆಯ ನೀರು ತುಂಬಿ ಆಮ್ಲಜನಕ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ, ಅದಾಗದಿದ್ದರೆ ಆಗಷ್ಟೇ ಸತ್ತದ್ದನ್ನು ಐಸಿನಲ್ಲಿ ಇಟ್ಟು, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಒಯ್ಯಿರಿ. ಸತ್ತು ಊದಿದ ಮೀನಿನಿಂದ ಯಾವ ಪ್ರಯೋಗಾಲಯಕ್ಕೂ ಏನೂ ತಿಳಿಯುವುದಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಬಿಡುಗಡೆ ಮಾಡಿದ ರಿಪೋರ್ಟ್ ಫಿಶ್ ಡಿಸೀಸ್ ಎಂಬ ಆಪ್‌ನಲ್ಲಿ ಮೊಬೈಲಿನಿಂದಲೇ ರೋಗದ ಸುದ್ದಿ ಮುಟ್ಟಿಸಬಹುದು. ಯಾವ ಕೆರೆಯಲ್ಲಿ ಯಾವ ತಳಿಯ ರೋಗಾಣು ಇದೆ ಎಂಬ ಮಾಹಿತಿ ಕೂಡಿಬರುವುದು ಇಂಥ ವರದಿಗಳಿಂದಲೇ, ಲಸಿಕೆ ಮಾಡುವವರಿಗೆ ಮೊದಲು ಬೇಕಾದದ್ದೂ ಅದೇ. ಇವತ್ತೇ ಆ ಆಪ್ ಅನ್ನು ಮೊಬೈಲಿಗೆ ಹಾಕಿಕೊಳ್ಳಿ.